ಸಂತೆಯ ದಿನ, ಚೌಕಿಯ ಮೂಲೆ: ಕೊಡಗಿನ ಪೇಟೆಗಳಲ್ಲಿ ಬೀದಿ ಫೋಟೋ ತೆಗೆಯುವ ಬಗೆ

ಕೊಡಗಿನ ಫೋಟೋ ಎಂದರೆ ಎಲ್ಲರಿಗೂ ನೆನಪಾಗುವುದು ರಾಜಾಸೀಟಿನ ಮಂಜು, ಅಬ್ಬಿ ಜಲಪಾತ, ಬೆಟ್ಟದ ತುಂಬ ಅರಳಿದ ಕಾಫಿ ಹೂವು. ಅದೇ ಮಂಜಿನೊಳಗೆ ಬೆಳಿಗ್ಗೆ ಏಳಕ್ಕೆ ಅಂಗಡಿಯ ಶಟರ್ ಎತ್ತುವವರು, ಒದ್ದೆ ಕೊಡೆಗಳನ್ನು ಮೆಟ್ಟಿಲ ಮೇಲೆ ಸಾಲಾಗಿಟ್ಟು ತರಗತಿಗೆ ಓಡುವ ಮಕ್ಕಳು, ಪಿಕಪ್‌ನಲ್ಲಿ ನಿಂತೇ ತೋಟಕ್ಕೆ ಹೋಗುವ ಕೆಲಸದವರು ಮಾತ್ರ ಫೋಟೋಗಳಲ್ಲಿ ಸಿಗುವುದು ಅಪರೂಪ. ಮಡಿಕೇರಿಯ ಬೀದಿಗಳಲ್ಲಿ ಕ್ಯಾಮೆರಾ ಹಿಡಿದು ಓಡಾಡುತ್ತ ನಾನು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಮೊಬೈಲ್ ಇದ್ದರೂ ಸಾಕು.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಬೀದಿ ಛಾಯಾಗ್ರಹಣದ ಬಗ್ಗೆ ನಾವು ಓದುವ ಪಾಠಗಳೆಲ್ಲ ಹೆಚ್ಚಾಗಿ ದೊಡ್ಡ ನಗರಗಳಲ್ಲಿ ಹುಟ್ಟಿದವು. ಯಾರ ಕಣ್ಣಿಗೂ ಬೀಳದೆ ತೆಗೆ, ತೆಗೆದು ಮುಂದೆ ನಡೆ ಎಂದು ಅವು ಹೇಳುತ್ತವೆ. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯಲ್ಲಿ ಅದು ನಡೆಯುತ್ತದೆ. ಅಲ್ಲಿ ಬೆಳಿಗ್ಗೆ ಕಂಡವರು ಜನ್ಮದಲ್ಲಿ ಮತ್ತೆ ಸಿಗದೇ ಇರಬಹುದು. ಮಡಿಕೇರಿಯಲ್ಲಿ ಬೆಳಿಗ್ಗೆ ಫೋಟೋದಲ್ಲಿ ಬಿದ್ದವರು ಸಂಜೆ ಬಸ್ಸಿನಲ್ಲಿ ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ಅವರ ಅಣ್ಣ ನಿಮ್ಮ ಮನೆಗೆ ಗ್ಯಾಸ್ ತರುವವರು, ಅವರ ಮಗಳು ನಿಮ್ಮ ಮಗುವಿನ ಟೀಚರ್. ನಮ್ಮ ಪೇಟೆಯಲ್ಲಿ ಯಾರೂ ಯಾರಿಗೂ ಅಪರಿಚಿತರಾಗಿ ಬಹಳ ದಿನ ಉಳಿಯುವುದಿಲ್ಲ. ಹಾಗಾಗಿ ಇಲ್ಲಿ ಅಡಗಿ ತೆಗೆಯುವುದನ್ನು ಬಿಟ್ಟು, ಎಲ್ಲರ ಕಣ್ಣೆದುರು ದಿನವೂ ನಿಂತು ತೆಗೆಯುವುದನ್ನು ಕಲಿಯಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕೆ ಹೊಂದುವಂತೆ ಇವೆ.

ಮೊದಲ ವಾರ: ಬರಿಗೈಯಲ್ಲಿ

ಕ್ಯಾಮೆರಾ ಮನೆಯಲ್ಲಿ ಬಿಡಿ. ಒಂದು ಸಣ್ಣ ಪುಸ್ತಕ, ಒಂದು ಪೆನ್ನು ಸಾಕು. ಮಡಿಕೇರಿಯ ಚೌಕಿ ವೃತ್ತದಲ್ಲೋ ಬಸ್ ನಿಲ್ದಾಣದಲ್ಲೋ ಅಥವಾ ನಿಮ್ಮದು ವಿರಾಜಪೇಟೆ, ಸೋಮವಾರಪೇಟೆಯಾದರೆ ಅಲ್ಲಿನ ಮುಖ್ಯ ರಸ್ತೆಯಲ್ಲೋ ಒಂದು ಜಾಗ ಆರಿಸಿಕೊಳ್ಳಿ. ದಿನಕ್ಕೆ ಅರ್ಧ ಗಂಟೆ ನಿಲ್ಲಿ. ವೇಳೆ ಮಾತ್ರ ಬದಲಾಗಲಿ: ಒಂದು ದಿನ ಬೆಳಿಗ್ಗೆ ಆರೂವರೆ, ಇನ್ನೊಂದು ದಿನ ಮಧ್ಯಾಹ್ನ, ಮತ್ತೊಂದು ದಿನ ಅಂಗಡಿ ಮುಚ್ಚುವ ಹೊತ್ತು.

ಪುಸ್ತಕದಲ್ಲಿ ನಾಲ್ಕು ಸಂಗತಿ ಬರೆದರೆ ಸಾಕು. ಗಂಟೆ ಎಷ್ಟು, ಬೆಳಕು ಯಾವ ಕಡೆಯಿಂದ ಬೀಳುತ್ತಿದೆ, ಯಾರು ಏನು ಮಾಡುತ್ತಿದ್ದಾರೆ, ಅದು ನಾಳೆಯೂ ನಡೆಯುವುದೋ ಇಲ್ಲವೋ. ಈ ಕೊನೆಯದೇ ಮುಖ್ಯ. ಪೇಪರ್ ಹಾಕುವ ಹುಡುಗರು ಕಟ್ಟು ಬಿಚ್ಚಿ ಹಂಚಿಕೊಳ್ಳುವುದು ದಿನವೂ ಒಂದೇ ಜಗಲಿಯಲ್ಲಿ. ಆಟೋದವರು ಸರದಿ ಬಿಟ್ಟು ಚಹಾಕ್ಕೆ ಹೋಗುವುದು ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಬೀದಿ ಗೊಂದಲವಾಗಿ ಕಾಣುವುದು ಒಂದು ಸಲ ನೋಡಿದವರಿಗೆ. ಏಳು ದಿನ ನೋಡಿದರೆ ಅದಕ್ಕೂ ಒಂದು ವೇಳಾಪಟ್ಟಿ ಇದೆ ಎಂದು ತಿಳಿಯುತ್ತದೆ. ಆಮೇಲೆ ಆ ಗಳಿಗೆ ಬರುವ ಮೊದಲೇ ನೀವು ಸರಿಯಾದ ಜಾಗದಲ್ಲಿ ನಿಂತಿರಬಹುದು. ಜನ ಅದೃಷ್ಟ ಎನ್ನುವುದು ಬಹುಪಾಲು ಇದನ್ನೇ.

ಮಡಿಕೇರಿ ಸಮುದ್ರಮಟ್ಟದಿಂದ 1,100 ಮೀಟರಿಗೂ ಎತ್ತರದಲ್ಲಿ, ಏರುತಗ್ಗಿನ ಮೇಲೆ ಬೆಳೆದ ಊರು. ಹಾಗಾಗಿ ಸೂರ್ಯ ಹುಟ್ಟಿದರೂ ಕೆಲವು ಬೀದಿಗಳಿಗೆ ಬಿಸಿಲು ಇಳಿಯಲು ಬಹಳ ಹೊತ್ತು ಬೇಕು. ಯಾವ ಓಣಿಗೆ ಎಷ್ಟು ಗಂಟೆಗೆ ಮೊದಲ ಬಿಸಿಲು ಬೀಳುತ್ತದೆ ಎಂಬುದನ್ನು ಆ ವಾರವೇ ಗುರುತಿಸಿಟ್ಟುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಆ ಬಿಸಿಲಿಗೆ ಮೈಯೊಡ್ಡಲು ಜನ ಅಂಗಡಿಯಿಂದ ಹೊರಬಂದು ನಿಲ್ಲುತ್ತಾರೆ. ಬೆಳಕೂ ಜನರೂ ಒಟ್ಟಿಗೆ ಸಿಗುವ ಹೊತ್ತು ಅದು.

ಜಾಗ ಆರಿಸುವುದು

ಮೂರು ಬಗೆಯ ಜಾಗಗಳು ನನಗೆ ಎಂದೂ ಕೈಕೊಟ್ಟಿಲ್ಲ: ಜನ ಕಾಯುವ ಜಾಗ, ಕೊಡು-ಕೊಳ್ಳುವ ಜಾಗ, ಏರಿ ಇಳಿಯುವ ಜಾಗ.

ಕಾಯುವ ಜಾಗವೆಂದರೆ ಮೊದಲಿಗೆ ಬಸ್ ನಿಲ್ದಾಣ. ಕೊಡಗಿಗೆ ರೈಲು ಇಲ್ಲ. ಆಸ್ಪತ್ರೆಗೆ, ಕೋರ್ಟಿಗೆ, ಕಾಲೇಜಿಗೆ, ಮದುವೆಗೆ ಹೊರಟ ಎಲ್ಲರೂ ಬಸ್ಸು, ಜೀಪು, ಆಟೋಗಳನ್ನೇ ಕಾಯಬೇಕು. ಕಾಯುವಾಗ ಮನುಷ್ಯನ ಮುಖ ಸಡಿಲವಾಗುತ್ತದೆ, ಕೈಗಳು ಏನಾದರೂ ಮಾಡುತ್ತಿರುತ್ತವೆ. ಟಿಕೆಟ್ ಮಡಿಚುವ ಬೆರಳು, ಚೀಲದ ಮೇಲೆ ಒರಗಿ ತೂಕಡಿಸುವ ಅಜ್ಜ, ಬಸ್ಸಿನ ಕಿಟಕಿಯಲ್ಲಿ ಉಸಿರಿನಿಂದ ಮಸುಕಾದ ಗಾಜು.

ಕೊಡು-ಕೊಳ್ಳುವ ಜಾಗಕ್ಕೆ ಸಂತೆಗಿಂತ ಬೇರೆ ಬೇಕಿಲ್ಲ. ಮಡಿಕೇರಿಯ ಸಂತೆ ಶುಕ್ರವಾರ, ಕುಶಾಲನಗರದ್ದು ಮಂಗಳವಾರ, ಗೋಣಿಕೊಪ್ಪದ್ದು ಭಾನುವಾರ. ಎಷ್ಟೋ ಕಡೆ ಸಂತೆಯ ದಿನವೇ ತೋಟಕ್ಕೆ ವಾರದ ರಜೆ. ತೋಟದ ಕೆಲಸದವರ ಲೈನ್‌ಮನೆಗಳಿಂದ ಇಡೀ ಸಂಸಾರ ಪೇಟೆಗೆ ಬರುತ್ತದೆ. ವಾರದ ಅಕ್ಕಿ, ಒಣಮೀನು, ಮಗುವಿಗೊಂದು ಚಪ್ಪಲಿ, ಮಳೆಗಾಲವಾದರೆ ಗಂಬೂಟು, ಟಾರ್ಪಾಲು. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು, ಹಿಂದಿ ಎಲ್ಲ ಒಂದೇ ಸಾಲಿನಲ್ಲಿ ಚೌಕಾಸಿ ಮಾಡುತ್ತಿರುತ್ತವೆ. ಹತ್ತು ಗಂಟೆಯ ನೂಕುನುಗ್ಗಲಿನಲ್ಲಿ ಮಾತ್ರ ಹೋಗಿ ಬಂದರೆ ಅರ್ಧ ಸಂತೆ ತಪ್ಪಿಹೋಗುತ್ತದೆ. ಬೆಳಿಗ್ಗೆ ಚೀಲ ಇಳಿಸಿ ತರಕಾರಿ ಜೋಡಿಸುವ ಹೊತ್ತನ್ನೂ, ಸಂಜೆ ಉಳಿದದ್ದನ್ನು ಗುಡ್ಡೆ ಹಾಕಿ ಸಿಕ್ಕ ಬೆಲೆಗೆ ಕೊಡುವ ಹೊತ್ತನ್ನೂ ನೋಡಿ. ಸಂಜೆಯ ಆ ಗುಡ್ಡೆಗಳ ಮುಂದೆ ನಿಲ್ಲುವವರೇ ಬೇರೆ. ಅವರು ಬೆಳಿಗ್ಗೆ ಬರುವುದಿಲ್ಲ, ಏಕೆಂದರೆ ಬೆಳಗಿನ ಬೆಲೆ ಅವರದ್ದಲ್ಲ.

ಕಾಫಿ, ಕರಿಮೆಣಸು ಕೊಳ್ಳುವ ಅಂಗಡಿಗಳನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಜೀಪಿನಲ್ಲಿ ಚೀಲಗಳು ಬಂದಿಳಿಯುತ್ತವೆ. ವ್ಯಾಪಾರಿ ಒಂದು ಹಿಡಿ ಚೆರಿ (ಒಣಗಿದ ಕಾಫಿ ಹಣ್ಣು) ತೆಗೆದು ಸಿಪ್ಪೆ ಬಿಡಿಸಿ ಬೀಜ ತೂಗಿ ಔಟ್‌ಟರ್ನ್, ಅಂದರೆ ಎಷ್ಟು ಹಣ್ಣಿಗೆ ಎಷ್ಟು ಬೀಜ ಸಿಗುತ್ತದೆ ಎಂಬುದನ್ನು, ನೋಡುತ್ತಾನೆ. ಬೆಲೆ ಮಾತಾಡುವುದು 50 ಕೆ.ಜಿ. ಚೀಲದ ಲೆಕ್ಕದಲ್ಲಿ. ಬೆಳೆಗಾರ ಆ ತಕ್ಕಡಿಯನ್ನು ನೋಡುವ ನೋಟದಲ್ಲಿ ಒಂದು ವರ್ಷದ ಮಳೆ, ಗೊಬ್ಬರ, ಕೂಲಿ ಎಲ್ಲ ಇರುತ್ತದೆ. ಆದರೆ ಅದು ಇನ್ನೊಬ್ಬರ ವ್ಯವಹಾರದ ಜಾಗ. ಮಾಲೀಕರನ್ನು ಕೇಳದೆ ಕ್ಯಾಮೆರಾ ತೆಗೆಯಬೇಡಿ. ತೂಕ, ಬೆಲೆ ಬರೆದ ಚೀಟಿ ಫೋಟೋದಲ್ಲಿ ಓದುವಂತೆ ಬೀಳಬಾರದು.

ಏರಿಳಿಯುವ ಜಾಗ ನಮ್ಮ ಊರಿಗೇ ವಿಶೇಷ. ಕಡಿದಾದ ಬೀದಿಯ ಕೆಳಗೆ ನಿಂತರೆ ಬರುವವರ ತಲೆ ಮೊದಲು ಕಾಣುತ್ತದೆ, ಆಮೇಲೆ ಹೆಗಲು, ಕೈಯ ಚೀಲ. ಮೇಲೆ ನಿಂತರೆ ಕೊಡೆಗಳಷ್ಟೇ. ಮಹದೇವಪೇಟೆಯ ಇಳಿಜಾರಿನಲ್ಲಿ ಒಂದೇ ಚೌಕಟ್ಟಿನಲ್ಲಿ ಮೂರು ಎತ್ತರದಲ್ಲಿ ಮೂವರನ್ನು ನಿಲ್ಲಿಸಬಹುದು. ಬಯಲುಸೀಮೆಯ ಊರಿನಲ್ಲಿ ಅದಕ್ಕೆ ಏಣಿ ಬೇಕಾಗುತ್ತದೆ.

ಜಾಗ ಯಾವುದೇ ಇರಲಿ, ಮೊದಲು ಹಿನ್ನೆಲೆ ನೋಡಿ. ಬಣ್ಣ ಮಾಸಿದ ಗೋಡೆ, ಹಳೆಯ ಮರದ ಬಾಗಿಲು, ಖಾಲಿ ಮೆಟ್ಟಿಲು ಸಿಕ್ಕರೆ ಅದರ ಎದುರು ನಿಂತು ಚೌಕಟ್ಟು ಹೊಂದಿಸಿಕೊಳ್ಳಿ, ಆಮೇಲೆ ಯಾರಾದರೂ ಬರುವವರೆಗೆ ಕಾಯಿರಿ. ಮನುಷ್ಯನನ್ನು ಕ್ಯಾಮೆರಾದೊಂದಿಗೆ ಬೆನ್ನಟ್ಟಿದರೆ ಹಿಂದೆ ಲೈಟು ಕಂಬ, ಫ್ಲೆಕ್ಸು, ಅರ್ಧ ಕಾರು ಸೇರಿಕೊಳ್ಳುತ್ತವೆ. ಶನಿವಾರ, ಭಾನುವಾರ ಪ್ರವಾಸಿಗರ ಕಾರುಗಳೇ ರಸ್ತೆ ತುಂಬಿರುತ್ತವೆ. ಊರಿನವರ ಬದುಕು ನೋಡಬೇಕೆಂದರೆ ವಾರದ ನಡುವಿನ ದಿನಗಳೇ ಒಳ್ಳೆಯವು.

ಕ್ಯಾಮೆರಾ ಹೊಂದಿಸುವುದು

ಮೊಬೈಲಿನ ಮುಖ್ಯ ಲೆನ್ಸು ಸಾಮಾನ್ಯವಾಗಿ 24ರಿಂದ 26 ಮಿ.ಮೀ. ಲೆನ್ಸಿಗೆ ಸಮ. ಬೀದಿಗೆ ಅದು ಸರಿಯಾದ ಅಗಲ. ಬೆರಳಿನಿಂದ ಎಳೆದು ಜೂಮ್ ಮಾಡುವ ಬದಲು ಎರಡು ಹೆಜ್ಜೆ ಮುಂದೆ ಹೋಗಿ. ಕ್ಯಾಮೆರಾ ಇರುವವರಿಗೆ 28 ಅಥವಾ 35 ಮಿ.ಮೀ. ಲೆನ್ಸು ಸಾಕು. ಉದ್ದದ ಜೂಮ್ ಲೆನ್ಸು ಹಿಡಿದು ರಸ್ತೆಯ ಆಚೆಯಿಂದ ತೆಗೆಯುವುದನ್ನು ನಾನು ಮೆಚ್ಚುವುದಿಲ್ಲ. ತೆಗೆದವರು ಯಾರೆಂದು ತೆಗೆಸಿಕೊಂಡವರಿಗೆ ಗೊತ್ತಾಗುವಷ್ಟು ಹತ್ತಿರ ನಿಲ್ಲಬೇಕು.

ಫೋಕಸ್ ಹುಡುಕುತ್ತ ಕೂತರೆ ಗಳಿಗೆ ದಾಟಿಹೋಗುತ್ತದೆ. ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 35 ಮಿ.ಮೀ. ಲೆನ್ಸಿಗೆ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಎಫ್/8 ಇಟ್ಟು, ಫೋಕಸನ್ನು 3 ಮೀಟರಿಗೆ ಕೈಯಿಂದಲೇ ಹೊಂದಿಸಿ. ಹೆಚ್ಚುಕಡಿಮೆ 2 ಮೀಟರಿನಿಂದ 7 ಮೀಟರಿನವರೆಗೆ ಇರುವುದೆಲ್ಲ ಸ್ಪಷ್ಟವಾಗಿ ಬರುತ್ತದೆ. ಮೂರು ಮೀಟರು ಎಂದರೆ ಎಷ್ಟು ಎಂಬುದನ್ನು ಮನೆಯ ಅಂಗಳದಲ್ಲಿ ಅಳತೆ ಟೇಪು ಹಾಸಿ ಕಣ್ಣಿಗೆ ರೂಢಿ ಮಾಡಿಸಿ. ಆಮೇಲೆ ಬೀದಿಯಲ್ಲಿ ಫೋಕಸ್ ಚಿಂತೆ ಇಲ್ಲದೆ ಮುಖ, ಕೈ, ಬೆಳಕುಗಳನ್ನಷ್ಟೇ ನೋಡುತ್ತ ನಿಲ್ಲಬಹುದು.

ನಡೆಯುವವರಿಗೆ ಶಟರ್ ವೇಗ 1/250 ಸೆಕೆಂಡ್, ಓಡುವ ಮಕ್ಕಳಿಗೆ 1/500. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600, 3200ಕ್ಕೆ ಏರಿದರೆ ಹೆದರಬೇಡಿ. ಮೋಡದ ದಿನ ಬೇರೆ ದಾರಿಯಿಲ್ಲ, ಫೋಟೋದ ಮೇಲೆ ಕಾಳಿನಂಥ ಸಣ್ಣ ಚುಕ್ಕೆಗಳು ಕಂಡರೆ ಏನೂ ಹಾಳಾಗುವುದಿಲ್ಲ. ಅಲುಗಿದ ಮುಖವನ್ನು ಮಾತ್ರ ಆಮೇಲೆ ಸರಿಮಾಡಲಾಗದು.

ಇನ್ನು ಮಂಜು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರು ಎದುರಿಗಿರುವುದನ್ನೆಲ್ಲ ನಡು ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಬೆಳ್ಳನೆಯ ಮಂಜು ಕೊಳಕು ನೀರಿನ ಹಾಗೆ ಬರುವುದು ಅದಕ್ಕೇ. ಎಕ್ಸ್‌ಪೋಷರನ್ನು, ಅಂದರೆ ಫೋಟೋಗೆ ಬೀಳುವ ಬೆಳಕನ್ನು, +0.7ರಿಂದ +1ರವರೆಗೆ ಏರಿಸಿ. ಮೊಬೈಲಿನಲ್ಲಾದರೆ ಪರದೆ ಮುಟ್ಟಿ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಮಂಜಿನಲ್ಲಿ ಫೋಕಸ್ ತಡಕಾಡುತ್ತದೆ, ಆಗ ಅಂಗಡಿಯ ಬೋರ್ಡಿನ ಅಕ್ಷರವನ್ನೋ ಮನುಷ್ಯನ ಕೊಡೆಯ ಅಂಚನ್ನೋ ಹಿಡಿದುಕೊಳ್ಳಿ. ಮಂಜಿನ ದೊಡ್ಡ ಉಪಕಾರವೆಂದರೆ ಅದು ಹಿನ್ನೆಲೆಯನ್ನು ಅಳಿಸಿಕೊಡುತ್ತದೆ. ಐದಾರು ಮೀಟರಿನಲ್ಲಿರುವವರು ಗಾಢವಾಗಿ, ಅವರ ಹಿಂದಿನವರು ತೆಳುವಾಗಿ, ಇನ್ನೂ ಹಿಂದಿನವರು ನೆರಳಿನಂತೆ ಕಾಣುತ್ತಾರೆ. ಹಾಗೆಂದು ಮಂಜೇ ಫೋಟೋ ಆಗಬಾರದು. ಅದರೊಳಗೆ ಯಾರೋ ಏನೋ ಮಾಡುತ್ತಿರಬೇಕು.

ಮಾತಾಡಿಸುವುದು

ಫೋಟೋ ಮೊದಲೋ ಅನುಮತಿ ಮೊದಲೋ ಎಂದು ಎಲ್ಲರೂ ಕೇಳುತ್ತಾರೆ. ನಾನು ಪಾಲಿಸುವುದು ಇಷ್ಟು: ಬೀದಿಯ ಒಟ್ಟು ನೋಟದಲ್ಲಿ ಹತ್ತಾರು ಜನರಿದ್ದರೆ ಕೇಳುವುದಿಲ್ಲ. ಒಬ್ಬರ ಮುಖವೇ ಫೋಟೋ ಆಗುವುದಾದರೆ ಮೊದಲು ಮಾತು. ನೆನಪಿಡಿ, ಕೇಳಿದ ತಕ್ಷಣ ಎಲ್ಲರೂ ನೆಟ್ಟಗೆ ನಿಂತು ಬಿಗಿಯಾಗುತ್ತಾರೆ. ಆ ಬಿಗಿ ಫೋಟೋವನ್ನೂ ಗೌರವದಿಂದ ತೆಗೆದು ತೋರಿಸಿ, ಆಮೇಲೆ ಅಲ್ಲೇ ಇರಿ. ಹತ್ತು ನಿಮಿಷದಲ್ಲಿ ಅವರು ತಮ್ಮ ಕೆಲಸಕ್ಕೆ ಮರಳುತ್ತಾರೆ. ನಿಮಗೆ ಬೇಕಾದ ಫೋಟೋ ಆಗ ಬರುತ್ತದೆ.

ಕರೆಯುವ ರೀತಿಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಅಜ್ಜ, ಅಜ್ಜಿ, ಅಣ್ಣ, ಅಕ್ಕ ಎಲ್ಲ ಕಡೆ ನಡೆಯುತ್ತದೆ. ಮೀನಿನ ಅಂಗಡಿಯ ಹಿರಿಯ ಮಾಪಿಳ್ಳೆಯವರನ್ನು (ಮಲಯಾಳ ಮಾತಾಡುವ ಮುಸ್ಲಿಮರು) ಕಾಕ ಎಂದೂ ಮಲಯಾಳಿ ಹೆಂಗಸರನ್ನು ಚೇಚಿ ಎಂದೂ ಕರೆಯುವುದು ಇಲ್ಲಿನ ರೂಢಿ. ನನಗೆ ಪಾಠ ಕಲಿಸಿದವರು ಶುಕ್ರವಾರದ ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿ. ನಾಲ್ಕು ವಾರ ಸೊಪ್ಪು ಕೊಂಡೆ, ಕ್ಯಾಮೆರಾ ಹೆಗಲಲ್ಲೇ ಇತ್ತು. ಐದನೆಯ ವಾರ ಅವರೇ ಕೇಳಿದರು: “ಏನಪ್ಪಾ, ವಾರ ವಾರ ಬರ್ತೀಯ, ಅದನ್ನ ಸುಮ್ನೆ ಹೊತ್ಕೊಂಡು ತಿರುಗ್ತೀಯ. ನನ್ ಫೋಟೋ ಯಾವಾಗ ತೆಗಿಯೋದು?” ಅಂದು ತೆಗೆದ ಫೋಟೋದಲ್ಲಿ ಅವರು ಕ್ಯಾಮೆರಾ ನೋಡುತ್ತಿಲ್ಲ. ಸೊಪ್ಪಿನ ಕಟ್ಟಿಗೆ ನೀರು ಚಿಮುಕಿಸುತ್ತಿದ್ದಾರೆ. ಮೊದಲ ವಾರವೇ ತೆಗೆದಿದ್ದರೆ ಆ ನೀರಿನ ಹನಿ, ಆ ನಿರಾಳ ಎರಡೂ ನನಗೆ ದಕ್ಕುತ್ತಿರಲಿಲ್ಲ.

ಬೇಡ ಎಂದರೆ ಬೇಡ. ಕಾರಣ ಕೇಳಬೇಡಿ, ನಕ್ಕು ಕೈಮುಗಿದು ಮುಂದೆ ಹೋಗಿ. ತೆಗೆದ ಮೇಲೆ ಅಳಿಸಿ ಎಂದರೆ ಅವರೆದುರೇ ಅಳಿಸಿ, ಅಳಿಸಿದ್ದನ್ನು ತೋರಿಸಿ.

ಕೆಲವು ಫೋಟೋಗಳನ್ನು ಅನುಮತಿ ಸಿಕ್ಕರೂ ನಾನು ತೆಗೆಯುವುದಿಲ್ಲ: ಕುಡಿದು ಮಲಗಿದವರು, ಆಸ್ಪತ್ರೆಯ ಮುಂದೆ ಅಳುವವರು, ಸಾವಿನ ಮನೆ. 2018ರ ಆಗಸ್ಟಿನಲ್ಲಿ ಭೂಕುಸಿತವಾಗಿ ಮನೆಮಠ ಕಳೆದುಕೊಂಡವರು ಪರಿಹಾರ ಕೇಂದ್ರಗಳಲ್ಲಿದ್ದಾಗ ಅವರ ಮುಖಕ್ಕೆ ಹಿಡಿದ ಕ್ಯಾಮೆರಾಗಳನ್ನು ಈ ಊರು ಇನ್ನೂ ಮರೆತಿಲ್ಲ. ಮಕ್ಕಳ ಫೋಟೋಗೆ ತಂದೆ ತಾಯಿಯ ಒಪ್ಪಿಗೆ ಬೇಕು, ಶಾಲೆಯ ಹೆಸರು ಕಾಣುವ ಸಮವಸ್ತ್ರದಲ್ಲಿ ಮುಖ ಸ್ಪಷ್ಟವಾಗಿರುವ ಫೋಟೋ ಹಂಚಿಕೊಳ್ಳುವುದೇ ಬೇಡ. ಹೆಣ್ಣುಮಕ್ಕಳ ಖಾಸಗಿ ಗಳಿಗೆಯನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನಡಿ ಅಪರಾಧ. ತೋಟದ ಕೆಲಸದವರ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮಾಲೀಕರು ಹೂಂ ಎಂದರೆ ಅವರೂ ಹೂಂ ಎಂದಂತಲ್ಲ. ಅವರನ್ನೇ ಕೇಳಿ, ಅವರಿಗೆ ತಿಳಿಯುವ ಮಾತಿನಲ್ಲಿ.

ಮಳೆಗಾಲವನ್ನು ಬಿಡಬೇಡಿ

ಜೂನಿನಿಂದ ಸೆಪ್ಟೆಂಬರಿನವರೆಗೆ ಹೆಚ್ಚಿನವರು ಕ್ಯಾಮೆರಾ ಒಳಗಿಡುತ್ತಾರೆ. ನನ್ನ ಮಟ್ಟಿಗೆ ಕೊಡಗಿನ ಪೇಟೆಗಳು ಪೂರ್ತಿ ತಾವಾಗುವುದು ಆ ನಾಲ್ಕು ತಿಂಗಳಲ್ಲೇ. ಪ್ರವಾಸಿಗರು ಕಡಿಮೆ. ಅಂಗಡಿಯ ಮುಂದೆ ಪ್ಲಾಸ್ಟಿಕ್ ಶೀಟು ಇಳಿಬೀಳುತ್ತದೆ, ಅದರ ಹಿಂದೆ ಹಗಲಲ್ಲೇ ಬಲ್ಬು ಉರಿಯುತ್ತದೆ. ಕೊಡೆ ರಿಪೇರಿಯವರಿಗೆ ಕೈಬಿಡುವಿಲ್ಲ. ರಸ್ತೆ ಬದಿಯಲ್ಲಿ ಬೆಣ್ಣೆಹಣ್ಣಿನ ರಾಶಿ, ಸಂತೆಯಲ್ಲಿ ಕಣಿಲೆ (ಎಳೆ ಬಿದಿರು), ಅಣಬೆ. ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3 ಹತ್ತಿರ ಬಂದಾಗ ಮದ್ದುಸೊಪ್ಪಿನ ಕಟ್ಟುಗಳು ಮಾರುಕಟ್ಟೆಗೆ ಬರುತ್ತವೆ. ಆ ಸೊಪ್ಪು ಬೇಯಿಸಿದ ನೀರಿನ ನೇರಳೆ ಬಣ್ಣ ಮನೆಗಳಲ್ಲಿ ಪಾಯಸಕ್ಕೆ, ಪುಟ್ಟಿಗೆ ಇಳಿಯುತ್ತದೆ. ಆ ವಾರ ಸಂತೆಗೆ ಹೋಗದಿದ್ದರೆ ಮತ್ತೆ ಒಂದು ವರ್ಷ ಕಾಯಬೇಕು.

ಮಳೆ ಕಾಣಬೇಕೆಂದರೆ ಅದರ ಹಿಂದೆ ಕಪ್ಪು ಬೇಕು, ಹಿಂದಿನಿಂದಲೋ ಪಕ್ಕದಿಂದಲೋ ಬೆಳಕು ಬೇಕು. ಕತ್ತಲೆ ತುಂಬಿದ ಅಂಗಡಿ ಬಾಗಿಲು, ಬಸ್ಸಿನ ಹೆಡ್‌ಲೈಟು ಈ ಕೆಲಸಕ್ಕೆ ಒದಗುತ್ತವೆ. 1/500ರಲ್ಲಿ ತೆಗೆದರೆ ಹನಿಗಳು ಚುಕ್ಕಿಯಾಗಿ ನಿಲ್ಲುತ್ತವೆ, 1/60ಕ್ಕೆ ಇಳಿಸಿದರೆ ಗೆರೆಗಳಾಗುತ್ತವೆ. ಇನ್ನೂ ನಿಧಾನಕ್ಕೆ, 1/15ಕ್ಕೆ ಹೋಗಿ ಕಂಬಕ್ಕೆ ಒರಗಿ ಉಸಿರು ಹಿಡಿದು ತೆಗೆದರೆ, ಬಸ್ಸಿಗೆ ನಿಂತವರು ಸ್ಥಿರವಾಗಿ, ಓಡುವವರು ಅಲೆಯಾಗಿ ಬರುತ್ತಾರೆ. ನಿಂತು ತೆಗೆಯಲು ಅಂಗಡಿಯ ಮಾಡಿನ ಕೆಳಗಿನ ಜಗಲಿಯೇ ಸರಿ. ಮಳೆ ಜೋರಾದರೆ ಜನ ತಾವಾಗಿಯೇ ಅಲ್ಲಿಗೆ ಓಡಿಬರುತ್ತಾರೆ, ಬಂದವರು ಮಾತಿಗೂ ಸಿಗುತ್ತಾರೆ.

ಲೆನ್ಸಿನ ಆರೈಕೆ ಇಲ್ಲಿ ತಮಾಷೆಯಲ್ಲ. ನಮ್ಮ ಮಳೆಗಾಲದ ತೇವಕ್ಕೆ ಬಟ್ಟೆ, ಚಪ್ಪಲಿಗೆ ಬೂಷ್ಟು ಹಿಡಿಯುವಂತೆ ಲೆನ್ಸಿನ ಒಳಗಾಜಿಗೂ ಹಿಡಿಯುತ್ತದೆ. ಒಮ್ಮೆ ಬೇರೂರಿದರೆ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ, ಒಳಗೊಂದು ಸಣ್ಣ ತೇವಮಾಪಕ ಇಟ್ಟು, ಶೇಕಡಾ 40ರಿಂದ 50ರೊಳಗೆ ನೋಡಿಕೊಳ್ಳಿ. ಬಣ್ಣ ಬದಲಿಸುವ ಜೆಲ್ ಆದರೆ ಯಾವಾಗ ಒಣಗಿಸಬೇಕೆಂದು ನೋಡಿದೊಡನೆ ಗೊತ್ತಾಗುತ್ತದೆ. ಅಕ್ಕಿ ಡಬ್ಬದಲ್ಲಿ ಹೂತಿಡುವುದು ಬೇಡ, ಅಕ್ಕಿಯ ಹುಡಿ ಲೆನ್ಸಿನ ಸಂದುಗಳಿಗೆ ಸೇರುತ್ತದೆ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಡುವುದಂತೂ ಬೂಷ್ಟನ್ನು ಸಾಕಿದಂತೆ. ಹೊರಗಿನ ಚಳಿಯಿಂದ ಒಲೆ ಉರಿಯುವ ಹೋಟೆಲಿನ ಒಳಗೆ ಹೋದಾಗ ಲೆನ್ಸಿನ ಮೇಲೆ ಹಬೆ ಕೂರುತ್ತದೆ. ಒರೆಸದೆ ಹತ್ತು ನಿಮಿಷ ಹಾಗೇ ಬಿಡಿ, ಕಾಫಿ ಕುಡಿಯುವಷ್ಟರಲ್ಲಿ ತಾನೇ ಹೋಗುತ್ತದೆ.

ದಸರೆಯಂಥ ದಿನಗಳು

ಮಡಿಕೇರಿ ದಸರೆಯಲ್ಲಿ ಹತ್ತು ದೇವಸ್ಥಾನಗಳ ಅಲಂಕೃತ ಮಂಟಪಗಳು ಮೆರವಣಿಗೆ ಹೊರಡುವ ದಶಮಂಟಪಗಳ ರಾತ್ರಿಗೆ ನೂರಾರು ಕ್ಯಾಮೆರಾಗಳು ಬರುತ್ತವೆ, ಮಂಟಪದ ಫೋಟೋಗೆ ಕೊರತೆಯಿಲ್ಲ. ನೀವು ಹಿಂದಿನ ಹಗಲು ಹೋಗಿ. ಟ್ರ್ಯಾಕ್ಟರಿನ ಮೇಲೆ ಮೂರ್ತಿಗಳನ್ನು ಕೂರಿಸುವ, ವೈರು ಎಳೆಯುವ, ನಿದ್ದೆಗೆಟ್ಟ ಹುಡುಗರು ಸಿಗುತ್ತಾರೆ. ರಾತ್ರಿಯಲ್ಲಿ ಮಂಟಪಕ್ಕೆ ಬೆನ್ನು ಮಾಡಿ ನಿಂತು, ಅದರ ಬೆಳಕು ಬಿದ್ದ ಮುಖಗಳನ್ನು ನೋಡಿ. ಐಎಸ್‌ಒ 3200, ಶಟರ್ 1/125, ಅಪರ್ಚರ್ ಎಷ್ಟು ತೆರೆಯುತ್ತದೋ ಅಷ್ಟು. ಬೆಳಗಾದ ಮೇಲೂ ಮನೆಗೆ ಹೋಗಬೇಡಿ. ಇಡೀ ಊರು ಮಲಗಿರುವಾಗ ಪೌರಕಾರ್ಮಿಕರು ಆ ರಾತ್ರಿಯನ್ನು ಗುಡಿಸಿ ಎತ್ತುತ್ತಿರುತ್ತಾರೆ.

ಆರಿಸುವುದು, ಬರೆದಿಡುವುದು

ಅಂದು ತೆಗೆದದ್ದನ್ನು ಅಂದೇ ಆರಿಸಬೇಡಿ. ಒಂದು ವಾರ ಬಿಟ್ಟು ನೋಡಿ. ಒಂದು ಸಂತೆಯಿಂದ ನೂರೈವತ್ತು ತಂದರೆ ಐದು ಉಳಿದರೂ ಹೆಚ್ಚು. ನನ್ನ ಬಳಿ ಒಂದೇ ಬೆಳಗಿನ ಎರಡು ಫೋಟೋಗಳಿವೆ. ಒಂದರಲ್ಲಿ ಮಂಜಿನ ನಡುವೆ ಕೆಂಪು ಕೊಡೆ. ಕಂಡವರೆಲ್ಲ ಹೊಗಳುತ್ತಾರೆ. ಇನ್ನೊಂದರಲ್ಲಿ ಗಂಬೂಟಿನ ಅಂಗಡಿ ಮುಂದೆ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ನೋಟು ಎಣಿಸುತ್ತಿದ್ದಾಳೆ, ಮಗ ಒಂದು ಕಾಲಿಗೆ ಹೊಸ ಬೂಟು ಹಾಕಿಕೊಂಡು ಇನ್ನೊಂದನ್ನು ಎದೆಗೆ ಒತ್ತಿಹಿಡಿದಿದ್ದಾನೆ. ಬಣ್ಣವೂ ಸಾಧಾರಣ, ಮೂಲೆಯಲ್ಲಿ ಯಾರದೋ ಮೊಣಕೈ. ಕೆಂಪು ಕೊಡೆಯ ಫೋಟೋವನ್ನು ಯಾವ ಬೆಟ್ಟದೂರಿನಲ್ಲಾದರೂ ತೆಗೆಯಬಹುದು. ನಾನು ಉಳಿಸಿಕೊಂಡದ್ದು ಎರಡನೆಯದನ್ನು. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಫೋಟೋಗಳನ್ನು ಹುಡುಕಿ ನೋಡಿ. ಸಾಮಾನ್ಯರ ದಿನಚರಿಯನ್ನು ಅಷ್ಟು ಪ್ರೀತಿಯಿಂದ ನೋಡಿದ ಕಣ್ಣು ನಮ್ಮ ನಾಡಿನದೇ.

ಉಳಿಸಿಕೊಂಡ ಪ್ರತಿ ಫೋಟೋಗೂ ತಾರೀಖು, ಬೀದಿ, ಏನು ನಡೆಯುತ್ತಿತ್ತು ಎಂಬುದನ್ನು ಎರಡು ಸಾಲು ಬರೆದಿಡಿ. ಅಂಗಡಿಯ ಬೋರ್ಡು, ತರಕಾರಿಯ ಬೆಲೆಪಟ್ಟಿ, ಬಸ್ಸಿನ ಹೆಸರು ಇಂದು ಕ್ಷುಲ್ಲಕವಾಗಿ ಕಾಣುತ್ತವೆ. ಹತ್ತು ವರ್ಷ ಕಳೆದ ಮೇಲೆ ಜನ ಮೊದಲು ಬೆರಳಿಡುವುದು ಅವುಗಳ ಮೇಲೆಯೇ. ಉಡುಗೆ ನೋಡಿ ಇವರು ಇಂಥ ಜನಾಂಗದವರು ಎಂದು ಊಹಿಸಿ ಬರೆಯಬೇಡಿ. ಕೊಡಗಿನಲ್ಲಿ ಆ ಊಹೆ ತಪ್ಪುವುದೇ ಹೆಚ್ಚು, ನೋಯಿಸುವುದೂ ಹೆಚ್ಚು. ಫೋಟೋಗಳ ಎರಡು ಪ್ರತಿ ಬೇರೆ ಬೇರೆ ಕಡೆ ಇರಲಿ.

ಕೊನೆಯ ಕೆಲಸ ಸ್ಟುಡಿಯೋದಲ್ಲಿ. ಮುಖ ಸ್ಪಷ್ಟವಾಗಿ ಬಂದ ಪ್ರತಿಯೊಬ್ಬರಿಗೂ ಒಂದು ನಾಲ್ಕು ಇಂಚು ಆರು ಇಂಚಿನ ಪ್ರಿಂಟು ಹಾಕಿಸಿ. ಹಿಂಬದಿಯಲ್ಲಿ ತಾರೀಖು ಬರೆದು, ಶಾಯಿ ಒಣಗಿದ ಮೇಲೆ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಮುಂದಿನ ಸಂತೆಗೆ ಒಯ್ಯಿರಿ. ಸೊಪ್ಪಿನ ಅಜ್ಜಿ ತಮ್ಮದನ್ನು ಸೆರಗಿನಲ್ಲಿ ಒರೆಸಿ ನೋಡಿ ಪಕ್ಕದ ಒಣಮೀನಿನ ಕಾಕನಿಗೆ ತೋರಿಸಿದರು. ಮರು ಶುಕ್ರವಾರ ಕಾಕ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು.